ಎಡಗಡೆ ಫೆಂಡರಿನ ಅಚ್ಚು

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಗರಗಸ ಎನ್ನುತ್ತಿದ್ದರು. ತಗಡು ಕತ್ತರಿಸುವುದರಲ್ಲಿ ಅವನ ಕೈ ಎಷ್ಟು ಚುರುಕೋ, ಮನುಷ್ಯರನ್ನು ಕತ್ತರಿಸುವುದರಲ್ಲಿ ಅವನ ನಾಲಿಗೆಗೆ ಅದಕ್ಕಿಂತ ನಾಲ್ಕು ಹಲ್ಲು ಹೆಚ್ಚೇ ಇದ್ದವು. ಎಂಟನೇ ಕ್ಲಾಸಿನ ನಡುವೆ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿ ಬಂದವನನ್ನು ಅವನ ಅಮ್ಮ ತನ್ನ ತಮ್ಮನ ಗ್ಯಾರೇಜಿಗೆ ಎಳೆದು ತಂದು, "ಇವನ ಕೈಗೆ ಏನಾದ್ರೂ ಕೊಡು. ಇಲ್ಲಾಂದ್ರೆ ಯಾರ ಮೂಗನ್ನಾದ್ರೂ ಮುರೀತಾನೆ" ಎಂದಿದ್ದಳು. ಮಾವ ಸುತ್ತಿಗೆ ಕೊಟ್ಟ. ಅದಾಗಿ ಹನ್ನೊಂದು ವರ್ಷ. ಯಾರ ಮೂಗೂ ಮುರಿದಿರಲಿಲ್ಲ, ಆದರೆ ಸಿಟ್ಟು ಒಂದು ಚೂರೂ ಸವೆದಿರಲಿಲ್ಲ. ದುಡ್ಡಿರುವವರ ಮೇಲೆ ಸಿಟ್ಟು, ಓದಿದವರ ಮೇಲೆ ಸಿಟ್ಟು, ಕಾರಿನ ಬಾಗಿಲನ್ನು ಕಾಲಿನಿಂದ ಮುಚ್ಚುವವರ ಮೇಲಂತೂ ಕೊಲೆ ಮಾಡುವಷ್ಟು ಸಿಟ್ಟು.

ಅವನಿಗೆ ಸಿಟ್ಟು ಬಾರದ ಒಬ್ಬನೇ ಮನುಷ್ಯನೆಂದರೆ ಮಾವ. ಮಾವ ಕಡಿಮೆ ಮಾತಿನವನು, ಆಡಿದ ಮಾತನ್ನು ಮಾತ್ರ ತೂಕ ಹಾಕಿಯೇ ಆಡುವವನು. ಬೋಲ್ಟ್ ಬಿರುಕು ಬಿಟ್ಟಿದ್ದರೆ ಬಿಟ್ಟಿದೆ ಅನ್ನುತ್ತಿದ್ದ. ತನ್ನ ಕೈಯಿಂದಲೇ ಗೀರು ಬಿದ್ದಿದ್ದರೆ, ಗಿರಾಕಿ ನೋಡುವ ಮೊದಲೇ ಕರೆದು ತೋರಿಸುತ್ತಿದ್ದ. ಊರಿನಲ್ಲಿ ಇದಕ್ಕಿಂತ ದೊಡ್ಡ ಗ್ಯಾರೇಜುಗಳಿದ್ದವು, ಗಾಜಿನ ಗೋಡೆಯವು, ಕೂತುಕೊಳ್ಳಲು ಸೋಫಾ ಹಾಕಿದವು. ಆದರೂ ಜನ ಈ ತಗಡಿನ ಮಾಡಿನ ಕೆಳಗೇ ಬಂದು ಪೇಂಟ್ ಡಬ್ಬಿಯ ಮೇಲೆ ಕೂರುತ್ತಿದ್ದುದು ಆ ಮಾತಿನ ನಂಬಿಕೆಯಿಂದ.

ಆ ವರ್ಷ ಟೈಲ್ಸ್ ಅಂಗಡಿಯ ಯಜಮಾನ ತನ್ನ ಸ್ಪೋರ್ಟ್ಸ್ ಕಾರನ್ನು ಲಾರಿಯೊಂದರ ಹಿಂಬದಿಗೆ ತೂರಿಸಿದ. ಅವನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಕಾರಿನ ಮೂತಿ ಮಾತ್ರ ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಬಾಯಿಯಂತೆ ಒಳಕ್ಕೆ ಹೋಗಿತ್ತು. ಮಾವ ಹತ್ತು ದಿನ ಚೈನು ಹಾಕಿ ಎಳೆದು ಚಾಸಿಯನ್ನು ನೆಟ್ಟಗೆ ಮಾಡಿದ. ಆದರೆ ಹೊರಮೈಯ ಭಾಗಗಳು ಎಲ್ಲೂ ಸಿಗಲಿಲ್ಲ, ಆ ಮಾಡೆಲ್ ನಿಂತು ಎಷ್ಟೋ ವರ್ಷವಾಗಿತ್ತು. ಆಗ ಯಜಮಾನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ.

"ಇದು ಬಾಡಿ ಕಿಟ್ಟು. ಪೂರ್ತಿ ಫೈಬರ್. ನಮ್ಮ ಕಾರಿನ ಹಳೇ ಮೈ ಬಿಚ್ಚಿ ಇದನ್ನ ಹಾಕಿದ್ರೆ ಒಳಗೆ ನಮ್ಮ ಕಾರು, ಹೊರಗೆ ಆ ಕಾಲದ ದೊಡ್ಡ ಹೆಸರಿನ ಕಾರು. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗುತ್ತೆ," ಎಂದ ಗರಗಸ. "ಬಾಗಿಲು ಹಾಕಿದಾಗ ಬಕೆಟ್ ಮುಚ್ಚಿದ ಸದ್ದು ಬರುತ್ತೆ."

"ಏನ್ರೀ ನಿಮ್ಮ ಅಳಿಯ, ಗಿರಾಕಿ ಮುಖಕ್ಕೇ ಹೀಗಂತಾನೆ?"

"ಬಾಯಿಗೆ ಸೈಲೆನ್ಸರ್ ಹಾಕಿಸ್ಬೇಕು ಯಜಮಾನ್ರೇ," ಎಂದ ಮಾವ. "ಅವನ ಸೈಜಿಂದು ಸಿಗ್ತಾ ಇಲ್ಲ."

ಕಿಟ್ಟು ದೊಡ್ಡ ಮರದ ಪೆಟ್ಟಿಗೆಯಲ್ಲಿ ಬಂತು. ಬಿಚ್ಚಿ ನೋಡಿದರೆ ಎಲ್ಲ ಸರಿಯಿದೆ, ಎಡಗಡೆಯ ಮುಂದಿನ ಚಕ್ರದ ಮೇಲೆ ಕೂರುವ ಫೆಂಡರ್ ಮಾತ್ರ ಮೂರು ಹೋಳು. ದೀಪ ಕೂರುವ ಗುಳಿಯಿರುವ ಜಾಗವಂತೂ ಪುಡಿಪುಡಿ. ಕಂಪನಿಯವರು ಬೇರೆ ಕಳಿಸಲು ಮೂರು ತಿಂಗಳು ಬೇಕು ಎಂದರು. ಯಜಮಾನನಿಗೆ ಮುಂದಿನ ತಿಂಗಳು ಹಳೇ ಕಾರುಗಳ ಪ್ರದರ್ಶನದಲ್ಲಿ ನಿಲ್ಲಿಸಬೇಕಿತ್ತು, ಹೆಸರೂ ಕೊಟ್ಟಾಗಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಮಗುವಿನ ಹಾಗೆ ಮುಖ ಮಾಡಿದ.

"ಈ ಕಿಟ್ಟಿನ ಅಸಲಿ ಕಾರೇ ಇದೆಯಲ್ಲ ಊರಲ್ಲಿ," ಎಂದ ಗರಗಸ. "ಲೆಕ್ಕದ ಟೀಚರದ್ದು. ಅದರ ಫೆಂಡರ್ ಮೇಲೆ ಅಚ್ಚು ತೆಗೆದ್ರೆ ಆಯ್ತು. ಅಚ್ಚಿನೊಳಗೆ ಇನ್ನೊಂದು ಹೊಯ್ದುಕೊಂಡ್ರೆ ಕಂಪನಿ ಫೆಂಡರಿಗಿಂತ ಚೆನ್ನಾಗಿ ಬರುತ್ತೆ."

ಮಾವ ಎರಡು ದಿನ ಆ ಮೂರು ಹೋಳುಗಳನ್ನೇ ಜೋಡಿಸಿ ನೋಡಿದ.

ಲೆಕ್ಕದ ಟೀಚರ್ ಎಂದರೆ ಆ ಕಡೆಯ ಅರ್ಧ ಊರಿಗೆ ಗುಣಾಕಾರ ಕಲಿಸಿದವರು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ಮೂವತ್ತೈದನೇ ವಯಸ್ಸಿನಲ್ಲಿ ಯಾರೋ ಮಾರುತ್ತಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಕೊಂಡು, ಅದರಲ್ಲೇ ಸ್ಕೂಲಿಗೆ ಬರುತ್ತಿದ್ದರು. ಹೆಡ್‌ಮಾಸ್ಟರು ಸೈಕಲ್ಲು, ಟೀಚರು ಸ್ಪೋರ್ಟ್ಸ್ ಕಾರು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರಂತೆ. ಮೂವತ್ತು ವರ್ಷದಿಂದ ಆ ಕಾರನ್ನು ಮಾವನ ಕೈ ಬಿಟ್ಟರೆ ಇನ್ನೊಬ್ಬರ ಕೈ ಮುಟ್ಟಿರಲಿಲ್ಲ. ಅದರ ಎಳೆಹಸಿರು ಬಣ್ಣವೂ ಮಾವನೇ ಹೊಡೆದದ್ದು. ಬಿಸಿಲು ಕುಡಿದು ಕುಡಿದು ಯಾವ ಡಬ್ಬಿಯಲ್ಲೂ ಸಿಗದ ಬಣ್ಣವಾಗಿತ್ತು ಅದು.

ಮೂರನೇ ದಿನ ಮಾವ ಅವರ ಮನೆಗೆ ಹೋಗಿ ಕೇಳಿದ. ಗರಗಸ ಜೊತೆಗಿದ್ದ.

"ಫೆಂಡರಿಗೆ ಏನೂ ಆಗಲ್ವಾ?" ಎಂದರು ಟೀಚರ್.

"ವ್ಯಾಕ್ಸ್ ಸರಿಯಾಗಿ ಹಾಕಿದ್ರೆ ಆಗಲ್ಲ ಮೇಡಂ. ಹೋದ ಹಾಗೇ ವಾಪಸ್ ಬರುತ್ತೆ. ನನ್ನ ಮಾತು."

"ಹಾಗಾದ್ರೆ ಸರಿ," ಎಂದು ಟೀಚರ್ ಗೂಟದಿಂದ ಕೀಲಿ ತೆಗೆದರು. ಇನ್ನೊಂದು ಪ್ರಶ್ನೆ ಇಲ್ಲ.

ಅವರೇ ಕಾರು ಓಡಿಸಿಕೊಂಡು ಬಂದರು, ಬಂದವರು ಹೋಗಲಿಲ್ಲ. "ಹೇಗೆ ಮಾಡ್ತೀರಿ ಅಂತ ನೋಡೋ ಆಸೆ" ಎಂದು ಪೇಪರು ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತರು. ಗರಗಸನ ಬೆನ್ನಿಗೆ ಆಗಲೇ ಮುಳ್ಳು ಚುಚ್ಚಿದ ಹಾಗಾಯಿತು. ಎಂಟನೇ ಕ್ಲಾಸಿನಲ್ಲಿ ಈ ಹೆಂಗಸೇ ಅವನ ನೋಟ್‌ಬುಕ್ಕಿನಲ್ಲಿ ಕಾಪಿ ಹೊಡೆದದ್ದನ್ನು ಹಿಡಿದು, ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡು ಎಂದು ಸೀಮೆಸುಣ್ಣ ಕೊಟ್ಟದ್ದು. ಇಡೀ ಪೀರಿಯಡ್ಡು ಅವನು ಬೋರ್ಡಿನ ಮುಂದೆ ನಿಂತೇ ಇದ್ದ. ಹಿಂದೆ ನಲವತ್ತು ಜನ ಕಿಸಿಕಿಸಿ. ಬೆಲ್ಲು ಹೊಡೆದಾಗ ಸೀಮೆಸುಣ್ಣ ಬಿಸಾಕಿ ಗೇಟು ದಾಟಿದವನು ಮತ್ತೆ ಒಳಗೆ ಕಾಲಿಡಲಿಲ್ಲ.

"ನೀನು ಬಾಗಿಲ ಹತ್ರ ಕೂರ್ತಿದ್ದೆ ಅಲ್ವಾ?" ಎಂದರು ಟೀಚರ್, ಕನ್ನಡಕದ ಮೇಲಿನಿಂದ.

"ಯಾರಿಗೆ ನೆನಪಿದೆ," ಎಂದ ಗರಗಸ.

ಅವತ್ತು ಮಾವ ಗ್ಯಾರೇಜಿನ ಪೇಂಟರನ್ನು ಕರೆದುಕೊಂಡು ಊರಾಚೆ ಕೆಟ್ಟು ನಿಂತಿದ್ದ ಒಂದು ವ್ಯಾನನ್ನು ಎಳೆದು ತರಲು ಹೋಗಬೇಕಿತ್ತು. ಹೊರಡುವ ಮುಂಚೆ ಅಳಿಯನನ್ನು ಪಕ್ಕಕ್ಕೆ ಕರೆದ.

"ವ್ಯಾಕ್ಸು ಆರು ಕೋಟ್. ಒಂದೊಂದಕ್ಕೂ ಒಂದೊಂದು ಗಂಟೆ ಒಣಗಬೇಕು. ಆಮೇಲೆ ನೀಲಿ ದ್ರವ. ಅದು ಒಣಗಿ ಪೊರೆಯ ಥರ ಕೂತ ಮೇಲೆ ರೆಸಿನ್ ಅಂಟು. ಹಳೇ ಬಣ್ಣ ಅದು, ರೆಸಿನ್ ತಾಗಿದ್ರೆ ಕಚ್ಚಿಕೊಂಡುಬಿಡುತ್ತೆ. ಇವತ್ತು ಮುಗೀದಿದ್ರೆ ನಾಳೆ. ಅವಸರ ಮಾಡಬೇಡ ಮಾರಾಯ."

"ನಂಗೆ ಗೊತ್ತು ಮಾವ."

ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶವೂ ಅವನಿಗೆ ಉಳಿಯಲಿಲ್ಲ.

ಮೊದಲಿನ ಎರಡು ಕೋಟ್ ಹೇಳಿದ ಹಾಗೆಯೇ ಹಾಕಿದ. ಮೆತ್ತನೆ ಬಟ್ಟೆಯಲ್ಲಿ ವ್ಯಾಕ್ಸ್ ತೆಗೆದುಕೊಂಡು ಚಿಕ್ಕ ಚಿಕ್ಕ ಸುತ್ತು ತಿಕ್ಕಿದ, ದೀಪದ ಗುಳಿಯೊಳಗೆ ಬೆರಳಿನಿಂದ ಹಚ್ಚಿದ, ಕಾದ, ಒರೆಸಿದ. ಟೀಚರ್ ಪೇಪರು ಮಡಚಿ ವ್ಯಾಕ್ಸಿನ ಡಬ್ಬಿ ಎತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದರು.

"ಬಿಸಿಲು ಬೀಳೋ ಕಡೆ ಹಚ್ಚಬಾರದು ಅಂತ ಬರೆದಿದೆ ಕಣಪ್ಪ."

ಅವನು ಕಾರನ್ನು ಎರಡು ಅಡಿ ಹಿಂದಕ್ಕೆ ತಳ್ಳಿದ.

"ಪ್ರತಿ ಸಲ ಬಟ್ಟೆ ಬದಲಾಯಿಸ್ಬೇಕಂತೆ."

ಬಟ್ಟೆ ಬದಲಾಯಿಸಿದ. ಕಿವಿ ಕಾದಿತ್ತು. ಡಬ್ಬಿ ಓದಿ ಕೆಲಸ ಕಲಿಯುವುದಾಗಿದ್ದರೆ ಹನ್ನೊಂದು ವರ್ಷ ನಾನು ಯಾಕೆ ಬೆರಳು ಸುಟ್ಟುಕೊಳ್ಳುತ್ತಿದ್ದೆ ಎಂದು ಒಳಗೇ ಗುರುಗುಟ್ಟಿದ. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿಟ್ಟ ಮೇಲೆ ಟೀಚರಿಗೆ ಕೂತಲ್ಲೇ ಜೋಂಪು ಹತ್ತಿತು, ಆಗಾಗ ಕಣ್ಣು ತೆರೆದು ನೋಡಿ ಮತ್ತೆ ತೂಗುತ್ತಿದ್ದರು. ಮೂರನೇ ಕೋಟನ್ನು ಅವನು ಅರ್ಧ ಗಂಟೆಗೇ ಒರೆಸಿದ. ನಾಲ್ಕನೆಯದನ್ನು ಕಾಲು ಗಂಟೆಗೆ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ನೀಲಿ ದ್ರವದ ಬಾಟಲಿ ಕೈಗೆತ್ತಿಕೊಂಡ.

ಅವರಿಗೆ ಪೂರ್ತಿ ಎಚ್ಚರವಾಯಿತು. "ಆರೂ ಆಯ್ತಾ? ನಾನು ನಾಲ್ಕು ಎಣಿಸಿದ ಹಾಗಿತ್ತು."

ಬೋರ್ಡಿನ ಮುಂದೆ ನಿಂತ ಹುಡುಗ ಥಟ್ಟನೆ ಅವನ ಗಂಟಲಿಗೆ ಬಂದ. "ಆರು," ಎಂದ. "ನೀವು ನಿದ್ದೆ ಮಾಡ್ತಿದ್ರಿ."

ಟೀಚರ್ ಕೈಗಡಿಯಾರ ನೋಡಿಕೊಂಡರು, ಅವನ ಮುಖ ನೋಡಿದರು, ಮತ್ತೆ ಕೈಗಡಿಯಾರ ನೋಡಿಕೊಂಡರು. ಆಮೇಲೆ ನಾಚಿಕೊಂಡು ನಕ್ಕರು. "ವಯಸ್ಸಾಯ್ತು ನೋಡು. ಎಣಿಕೇನೇ ತಪ್ತಾ ಇದೆ."

ನೀಲಿ ದ್ರವ ಸರಿಯಾಗಿ ಹರಡಲಿಲ್ಲ. ಗುಳಿಯ ಅಂಚಿನಲ್ಲಿ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ನಿಂತಿತು. ವ್ಯಾಕ್ಸ್ ಒಣಗಿಲ್ಲ ಎಂದು ಅದು ಕೂಗಿ ಹೇಳುತ್ತಿತ್ತು. ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಬಹುದಿತ್ತು. ಆದರೆ ಆರು ಎಂದು ಹೇಳಿಬಿಟ್ಟಿದ್ದ. ಈಗ ಒರೆಸಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅವನು ಬೆರಳಿನಿಂದ ಹನಿಗಳನ್ನು ಸವರಿ ಹಬ್ಬಿಸಿದ, ರೆಸಿನ್ ಕಲಸಿದ, ಗಾಜಿನ ನಾರಿನ ಚಾಪೆಗಳನ್ನು ಕತ್ತರಿಸಿ ಒಂದರ ಮೇಲೊಂದು ಹಾಸಿದ, ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಒಡೆದ. ಕೆಲಸ ಮಾತ್ರ ಚೆನ್ನಾಗಿ ಮಾಡಿದ. ಟೀಚರ್ "ಭೇಷ್" ಎಂದು ಹೇಳಿ ಸಂಜೆಯ ಬಸ್ಸು ಹತ್ತಿದರು.

ಬೆಳಿಗ್ಗೆ ಮಾವ ಮರದ ಬೆಣೆಗಳನ್ನು ಅಂಚಿಗೆ ಇಟ್ಟು ಸಣ್ಣಗೆ ತಟ್ಟಿದ. ಕೆಳಗಿನ ಭಾಗ ಟಪ್ಪೆಂದು ಬಿಟ್ಟುಕೊಂಡಿತು. ಮೇಲಿನದೂ ಬಿಟ್ಟಿತು. ದೀಪದ ಗುಳಿಯ ಹತ್ತಿರ ಬಿಡಲಿಲ್ಲ. ನೀರು ಬಿಟ್ಟು ನೋಡಿದರು, ಬಿಸಿಗಾಳಿ ಹಿಡಿದರು. ಪೇಂಟರ್ ಆ ಕಡೆ, ಗರಗಸ ಈ ಕಡೆ ಹಿಡಿದು ಎಳೆದರು. ಬಟ್ಟೆ ಹರಿದಂಥ ಸದ್ದು ಬಂತು. ಅಚ್ಚು ಕಳಚಿ ಬಂದಾಗ ಅದರ ಒಳಗೆ ಅಂಗೈಯಗಲದ ಹಸಿರು ಅಂಟಿಕೊಂಡಿತ್ತು. ಫೆಂಡರಿನ ಮೇಲೆ ಅಷ್ಟೇ ಅಗಲದ ಬೆತ್ತಲೆ ಅಲ್ಯುಮಿನಿಯಂ. ತೆಳ್ಳನೆಯ ಲೋಹ ಗುಳಿಯ ಸುತ್ತ ಮೂರು ಕಡೆ ಸುಕ್ಕುಗಟ್ಟಿತ್ತು.

"ಅಚ್ಚೇನೋ ಚಿನ್ನದಂಗೆ ಬಂದಿದೆ," ಎಂದ ಪೇಂಟರ್. ಯಾರೂ ನಗಲಿಲ್ಲ. ಅವನು ಏನೋ ನೆನಪಾದವನಂತೆ ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ಮಾವ ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ. "ಎಷ್ಟು ಕೋಟ್?"

"ಆರು."

"ಎಷ್ಟು ಕೋಟ್ ಅಂದೆ."

"ನಾಲ್ಕು."

ಮಾವ ಹೊಡೆಯುತ್ತಾನೆ ಎಂದುಕೊಂಡ. ಹೊಡೆಯಲಿ ಎಂದೇ ನಿಂತಿದ್ದ. ಮಾವ ಕೈ ತೊಳೆದುಕೊಳ್ಳಲು ಹೋದ, ತುಂಬಾ ಹೊತ್ತು ತೊಳೆದ.

ಹನ್ನೊಂದು ಗಂಟೆಗೆ ಟೀಚರ್ ಬಂದರು. ಕಾರಿನ ಮುಂದೆ ನಿಂತರು. ಮುಖದ ಬಣ್ಣ ಇಳಿದುಹೋಯಿತು. ಗರಗಸ ಬಾಯಿ ತೆರೆಯುವಷ್ಟರಲ್ಲಿ ಮಾವ ನಡುವೆ ಬಂದ.

"ನನ್ನದೇ ತಪ್ಪು ಮೇಡಂ. ವ್ಯಾಕ್ಸ್ ಹಳೇದು. ಡಬ್ಬಿ ತೆಗೆದು ವರ್ಷವಾಗಿತ್ತು, ನಾನು ನೋಡದೆ ಕೊಟ್ಟೆ. ಇವನು ಆರೂ ಕೋಟ್ ಹಾಕಿದ್ದಾನೆ."

ಮಾವನ ಬಾಯಿಂದ ಇಂಥದ್ದು ಬಂದದ್ದನ್ನು ಗರಗಸ ಎಂದೂ ಕೇಳಿರಲಿಲ್ಲ. ಮಾತು ಬಂದ ರೀತಿಯಲ್ಲೇ ತಡವರಿಕೆ ಇತ್ತು, ಹೊಸ ಚಪ್ಪಲಿ ಹಾಕಿ ನಡೆದ ಹಾಗೆ. ಟೀಚರ್ ಮಾತ್ರ ಅದನ್ನು ಗಮನಿಸಲಿಲ್ಲ.

"ಹೋಗ್ಲಿ ಬಿಡಿ," ಎಂದರು ಕೊನೆಗೆ. "ಮನುಷ್ಯರ ಕೈ, ಒಂದ್ಸಲ ತಪ್ಪುತ್ತೆ." ಆಮೇಲೆ ಗರಗಸನ ಕಡೆ ತಿರುಗಿ, "ನೀನು ಮುಖ ಸಣ್ಣ ಮಾಡ್ಕೋಬೇಡ. ಆರೂ ಹಾಕಿದ್ದಕ್ಕೆ ನಾನೇ ಸಾಕ್ಷಿ" ಎಂದರು.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತೇನೋ. ಮಾವ ಮೂರು ವಾರ ಆ ಅಲ್ಯುಮಿನಿಯಮ್ಮಿನ ಮುಂದೆ ಕೂತು, ಚಮಚದಷ್ಟು ಸುತ್ತಿಗೆಯಿಂದ ಸುಕ್ಕು ಬಿಡಿಸಿದ. ಪೇಂಟರ್ ಹದಿನೇಳು ಬಾರಿ ಬಣ್ಣ ಬೆರೆಸಿದ. ನೆರಳಿನಲ್ಲಿ ಒಂದಾಗಿ ಕಾಣುತ್ತಿತ್ತು, ಬಿಸಿಲಿಗೆ ಬಂದರೆ ತೇಪೆ ಹಾಕಿದ್ದು ಗೊತ್ತಾಗುತ್ತಿತ್ತು. ಟೈಲ್ಸ್ ಯಜಮಾನನ ಕಾರಿಗೆ ಮಾತ್ರ ಗರಗಸ ಅದೇ ಅಚ್ಚಿನಲ್ಲಿ ಹೊಯ್ದ ಫೆಂಡರ್ ಕೂದಲಿನಷ್ಟೂ ಸಂದು ಬಿಡದೆ ಕೂತಿತು. ಪ್ರದರ್ಶನದಲ್ಲಿ ಜನ ಸಾಲುಗಟ್ಟಿ ನಿಂತು ಅದರ ಮುಂದೆ ಫೋಟೋ ಹೊಡೆಸಿಕೊಂಡರು. ಒಬ್ಬ ಹಿರಿಯರು ಎಡಗಡೆಯ ಫೆಂಡರ್ ಸವರಿ, "ಆ ಕಾಲದ ಕೆಲಸವೇ ಬೇರೆ ಬಿಡಿ" ಎಂದರು. ಗರಗಸನಿಗೆ ಅವರ ಕೈ ಕಿತ್ತು ಬಿಸಾಡಬೇಕು ಅನ್ನಿಸಿತು.

ಟೀಚರ್ ಎಂದಿನಂತೆ ಗ್ಯಾರೇಜಿಗೆ ಬರುತ್ತಿದ್ದರು. ಮೊದಲಿಗಿಂತ ಹೆಚ್ಚಾಗಿಯೇ ಬರುತ್ತಿದ್ದರು, ಬಂದಾಗಲೆಲ್ಲ ಅವನನ್ನು ಮಾತಾಡಿಸುತ್ತಿದ್ದರು. ಒಂದು ದಿನ ಒಂದು ಕಟ್ಟು ಪುಸ್ತಕ ತಂದು ಅವನ ಟೂಲ್ ಬಾಕ್ಸಿನ ಮೇಲಿಟ್ಟರು.

"ಹತ್ತನೇ ಕ್ಲಾಸಿನ ಪರೀಕ್ಷೆ ಹೊರಗಿನಿಂದ ಕಟ್ಟಬಹುದು. ನಾನು ಹೇಳ್ಕೊಡ್ತೀನಿ. ಆರು ಕೋಟ್ ಅಂದ್ರೆ ಆರು ಹಾಕೋ ಹುಡುಗನಿಗೆ ಲೆಕ್ಕ ಬರಲಿಲ್ಲ ಅಂದ್ರೆ ತಪ್ಪು ನಿಂದಲ್ಲ, ನಂದೇ. ಅವತ್ತು ಬೋರ್ಡಿನ ಮುಂದೆ ನಿಲ್ಲಿಸಬಾರದಿತ್ತು."

ಹನ್ನೊಂದು ವರ್ಷ ಈ ಮಾತಿಗಾಗಿ ಕಾದಿದ್ದ. ಈಗ ಸಿಕ್ಕಿತು, ಅದೂ ಸುಳ್ಳಿನ ಲೆಕ್ಕದಲ್ಲಿ. ಎರಡು ದಿನ ಆ ಕಟ್ಟನ್ನು ಬಿಚ್ಚದೆ ಅದರ ಸುತ್ತಲೇ ಓಡಾಡಿದ. ಮೂರನೇ ದಿನ ಪುಸ್ತಕದ ಕಟ್ಟು ಎತ್ತಿಕೊಂಡು ಅವರ ಮನೆಗೆ ಹೋದ, ಮಾವನಿಗೆ ಹೇಳಲೂ ಇಲ್ಲ.

ಟೀಚರ್ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಮಡಚುತ್ತಿದ್ದರು. ಅವನು ಕೂರಲಿಲ್ಲ.

"ನಾಲ್ಕೇ ಹಾಕಿದ್ದು ಟೀಚರ್. ನೀವು ಎಣಿಸಿದ್ದು ಸರಿ."

ಅವರು ಮಡಚುತ್ತಿದ್ದ ಟವೆಲನ್ನು ಪೂರ್ತಿ ಮಡಚಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಲೆಕ್ಕ ತಪ್ಪಿರಲಿಲ್ಲವಲ್ಲ ಎಂಬ ಸಮಾಧಾನ. ಗರಗಸನ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಬೈಯಲಿ, ಇನ್ನು ಎಷ್ಟು ಬೇಕಾದರೂ ಬೈಯಲಿ.

ಅವರು ಬೈಯಲಿಲ್ಲ. ಟವೆಲನ್ನು ಪಕ್ಕಕ್ಕಿಟ್ಟು ಕೇಳಿದರು. "ನಿಮ್ಮ ಮಾವನಿಗೆ ಗೊತ್ತಿತ್ತಾ?"

ಅವನು ಪುಸ್ತಕದ ಕಟ್ಟನ್ನು ಮೇಜಿನ ಮೇಲಿಟ್ಟ.

"ಅವತ್ತು ಬೆಳಿಗ್ಗೆ, ನನ್ನ ಮುಂದೆ ನಿಂತು ಹಳೇ ವ್ಯಾಕ್ಸು ಅಂದ್ರಲ್ಲ, ಆಗ ಗೊತ್ತಿತ್ತಾ?"

ಇಷ್ಟು ದೂರ ಅವನು ಯೋಚಿಸಿರಲೇ ಇಲ್ಲ. ತನ್ನ ಸುಳ್ಳನ್ನು ಬಿಚ್ಚಿದರೆ ಅದರ ಹಿಂದೆ ಮಾವನದೂ ಬಿಚ್ಚಿಕೊಂಡು ಬರುತ್ತದೆ ಎಂದು ಗ್ಯಾರೇಜಿನಿಂದ ಇಲ್ಲಿಯವರೆಗೆ ನಡೆದ ದಾರಿಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಇಲ್ಲ ಎಂದುಬಿಡಬಹುದಿತ್ತು. ಆದರೆ ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದ ನಾಲಿಗೆ ತಿರುಗಲಿಲ್ಲ.

"ನನ್ನನ್ನ ಉಳಿಸೋಕೆ ಹೇಳಿದ್ದು ಟೀಚರ್. ಮಾವನದ್ದು ಏನೂ ತಪ್ಪಿಲ್ಲ."

"ಹೂಂ," ಎಂದರು ಟೀಚರ್. ಇನ್ನೊಂದು ಟವೆಲು ಎತ್ತಿಕೊಂಡರು.

ಮರುದಿನ ಅವರು ನಡೆದುಕೊಂಡೇ ಗ್ಯಾರೇಜಿಗೆ ಬಂದರು. ಮಾವ ಡಬ್ಬಿ ಒರೆಸಿ ಕೂರಲು ಕೊಟ್ಟ. ಅವರು ಕೂರಲಿಲ್ಲ.

"ನನ್ನ ಕಾರಿನ ಇನ್ನೊಂದು ಕೀಲಿ ನಿಮ್ಮ ಹತ್ರ ಇತ್ತಲ್ಲ, ತಗೊಂಡು ಹೋಗೋಣ ಅಂತ ಬಂದೆ."

ಮಾವ ಅಳಿಯನ ಕಡೆ ನೋಡಿದ. ನೋಡಿದ್ದೊಂದೇ, ಎಲ್ಲ ತಿಳಿಯಿತು.

"ಮೇಡಂ, ಬಣ್ಣದ ವಿಷಯಕ್ಕೆ..."

"ಬಣ್ಣದ್ದಲ್ಲ ಮಾರಾಯ್ರೇ. ಬಣ್ಣ ಹೋದ್ರೆ ಹೋಗ್ಲಿ. ಹುಡುಗನ್ನ ಉಳಿಸಿದ್ರಿ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆನೋ ಏನೋ. ಆದ್ರೆ ಮೂವತ್ತು ವರ್ಷ ನೀವು ಬ್ರೇಕ್ ಸರಿಯಾಗಿದೆ ಅಂದ್ರೆ ನಾನು ಇಳಿಜಾರಲ್ಲಿ ಓಡಿಸ್ಕೊಂಡು ಹೋದೆ. ಇನ್ನು ಮೇಲೆ ನೀವು ಹಾಗಂದ್ರೆ ನಾನು ಬಗ್ಗಿ ನೋಡ್ಬೇಕಾಗುತ್ತೆ." ಅವರು ನಗಲು ನೋಡಿದರು. "ನನಗೆ ಬಗ್ಗೋಕಾಗಲ್ಲ, ಮಂಡಿ ನೋವು."

ಮಾವ ಒಳಗೆ ಹೋಗಿ ಕೀಲಿ ತಂದು, ಎಣ್ಣೆ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ. ಟೀಚರ್ ಗರಗಸನ ಹತ್ತಿರ ಬಂದು, "ಪುಸ್ತಕ ನನ್ನ ಮನೇಲೇ ಇದೆ. ಬೇಕಾದ್ರೆ ಬಾ" ಎಂದು ಹೇಳಿ, ನಿಧಾನಕ್ಕೆ ರಸ್ತೆ ದಾಟಿ ಹೋದರು.

"ನಿಜ ಹೇಳಿದೆ ಮಾವ," ಎಂದ ಗರಗಸ.

"ಹೂಂ. ಒಳ್ಳೇದು."

"ನಂಗೆ ತಡೆಯೋಕಾಗ್ಲಿಲ್ಲ."

"ಗೊತ್ತು. ಅವತ್ತೂ ನಿಂಗೆ ಎರಡು ಗಂಟೆ ತಡೆಯೋಕಾಗ್ಲಿಲ್ಲ." ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ನನ್ನನ್ನ ಒಂದು ಮಾತು ಕೇಳಿದ್ರೆ ನಾನೇ ಬರ್ತಿದ್ದೆ. ನನ್ನ ಸುಳ್ಳನ್ನ ನಾನೇ ಹೇಳ್ಕೋತಿದ್ದೆ. ಅದನ್ನೂ ನೀನೇ ಹೇಳ್ಬಿಟ್ಟೆ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಾಗಿಲಲ್ಲಿ ಹಾರ್ನ್ ಮಾಡಿದ. ಮಾವ ಹೊರಗೆ ಹೋಗಿ ಅವನ ಕಾರಿನ ಬಾನೆಟ್ ಎತ್ತಿದ. ಗರಗಸನಿಗೆ ಬೈಯಬೇಕಿತ್ತು, ಯಾರನ್ನಾದರೂ, ಗಿರಾಕಿಯನ್ನು, ಟೀಚರನ್ನು, ಆ ನಕಲಿ ಕಾರನ್ನು, ಪೆಟ್ಟಿಗೆಯಲ್ಲಿ ಒಡೆದು ಬಂದ ಫೆಂಡರನ್ನು. ಒಬ್ಬೊಬ್ಬರನ್ನೇ ಮನಸ್ಸಿನ ಮುಂದೆ ನಿಲ್ಲಿಸಿ ನೋಡಿದ. ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ. ಹೊರಗೆ ಮಾವ ಬಾನೆಟ್ಟಿನ ಕೆಳಗೆ ತಲೆ ತೂರಿಸಿ, ಗಿರಾಕಿಗೆ ಒಂದೊಂದೇ ಭಾಗವನ್ನು ಬೆರಳಿಟ್ಟು ತೋರಿಸುತ್ತ, "ನೀವೇ ಮುಟ್ಟಿ ನೋಡಿ ಸ್ವಾಮಿ, ನೀವೇ ನೋಡಿ" ಎನ್ನುತ್ತಿದ್ದ.